ಮಳೆಗಾಲಕ್ಕೆ ಮುನ್ನ ಚೇಂಬರಿಗೆ ಇಳಿಯುವವರು: ಅವರ ಸುರಕ್ಷತೆಯಲ್ಲಿ ನಮ್ಮ ಹೊಣೆ

ಸಾಂತಾಕ್ರೂಜ್ ಪರಿಸರದ ನಮ್ಮ ಅನೇಕ ಕನ್ನಡ ಕುಟುಂಬಗಳ ಮಕ್ಕಳು ಇಂದು ಅಮೆರಿಕ, ಕೆನಡಾ ಮುಂತಾದ ಶೀತ ದೇಶಗಳಲ್ಲಿ ನೆಲೆಸಿದ್ದಾರೆ. ಡಿಸೆಂಬರ್ ಬಂತೆಂದರೆ ಅವರ ದೂರವಾಣಿ ಮಾತಿನಲ್ಲಿ ಹಿಮದ ಸುದ್ದಿ ಇದ್ದೇ ಇರುತ್ತದೆ. ರಾತ್ರಿಯೆಲ್ಲ ಸುರಿದ ಹಿಮವನ್ನು ಬೆಳಗಾಗುವುದರೊಳಗೆ ರಸ್ತೆಯಿಂದ ಸರಿಸುವ ಯಂತ್ರಗಳು, ಉಪ್ಪು ಎರಚುತ್ತ ಸಾಗುವ ಲಾರಿಗಳು, ಮನೆಯ ಮುಂದಿನ ಹಿಮವನ್ನು ತಾವೇ ತೆಗೆಯಬೇಕಾದ ಪ್ರಯಾಸ, ಇವೆಲ್ಲವನ್ನೂ ನಾವು ಇಲ್ಲಿ ಕುಳಿತೇ ಕೇಳಿ ತಿಳಿದಿದ್ದೇವೆ. ಆ ಕೆಲಸದಲ್ಲಿ ತೊಡಗುವವರ ರಕ್ಷಣೆಗೆ ಅಲ್ಲಿ ಸ್ಪಷ್ಟವಾದ ಕಟ್ಟಳೆಗಳಿವೆ. ಸಿಕ್ಕಿಕೊಂಡ ಯಂತ್ರವನ್ನು ಸಂಪೂರ್ಣ ನಿಲ್ಲಿಸದೆ ಅದರೊಳಗೆ ಕೈ ಹಾಕಬಾರದು. ಛಾವಣಿಯ ಹಿಮ ತೆಗೆಯುವವನು ಬೀಳದಂತೆ ರಕ್ಷಣಾ ಪಟ್ಟಿ ಕಟ್ಟಿಕೊಂಡಿರಬೇಕು. ಕೊರೆಯುವ ಚಳಿಯಲ್ಲಿ ದುಡಿಯುವವನಿಗೆ ನಡುನಡುವೆ ಬೆಚ್ಚಗಿನ ಜಾಗದಲ್ಲಿ ವಿರಾಮ ದೊರೆಯಬೇಕು.

ನಮ್ಮ ದೇಶದಲ್ಲಿಯೂ ಹಿಮ ತೆಗೆಯುವ ಕೆಲಸವಿದೆ. 1960ರಲ್ಲಿ ಸ್ಥಾಪನೆಗೊಂಡ ಗಡಿ ರಸ್ತೆಗಳ ಸಂಸ್ಥೆಯು ಹಿಮಾಲಯದ ಕಣಿವೆ ಮಾರ್ಗಗಳನ್ನು ವರ್ಷವರ್ಷವೂ ಹಿಮದಿಂದ ಬಿಡಿಸಿ ತೆರೆಯುತ್ತದೆ. 2025ರ ಫೆಬ್ರವರಿ 28ರಂದು ಉತ್ತರಾಖಂಡದ ಬದರೀನಾಥದ ಸಮೀಪದ ಮಾಣಾ ಎಂಬಲ್ಲಿ, ಆ ಸಂಸ್ಥೆಗಾಗಿ ಹಿಮ ತೆರವುಗೊಳಿಸುತ್ತಿದ್ದ ಕಾರ್ಮಿಕರ ಶಿಬಿರದ ಮೇಲೆ ಹಿಮರಾಶಿ ಕುಸಿದು 54 ಜನ ಸಿಲುಕಿಕೊಂಡರು. ಸೈನಿಕರ ಪರಿಶ್ರಮದಿಂದ 46 ಜನ ಬದುಕುಳಿದರು. ಎಂಟು ಮಂದಿ ಅಸುನೀಗಿದರು. ಆ ಜಿಲ್ಲೆಗೆ ಹಿಮಕುಸಿತದ ಮುನ್ನೆಚ್ಚರಿಕೆ ಹಿಂದಿನ ದಿನವೇ ಪ್ರಕಟವಾಗಿತ್ತು.

ನಮ್ಮ ಸಾಂತಾಕ್ರೂಜಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಪ್ರಕೃತಿ ತಂದು ಸುರಿಯುವುದನ್ನು ದಾರಿಯಿಂದ ತೆಗೆದು ಊರಿನ ಬದುಕು ನಿಲ್ಲದಂತೆ ನೋಡಿಕೊಳ್ಳುವ ಕೆಲಸ ಇಲ್ಲಿಯೂ ಪ್ರತಿವರ್ಷ ನಡೆಯುತ್ತದೆ. ಅಲ್ಲಿ ಹಿಮವಾದರೆ ಇಲ್ಲಿ ಹೂಳು ಮತ್ತು ಮಳೆನೀರು. ಏಪ್ರಿಲ್, ಮೇ ತಿಂಗಳಲ್ಲಿ ನಾಲಾಗಳ ಹೂಳೆತ್ತುವುದು, ಚರಂಡಿಗಳ ಚೇಂಬರುಗಳನ್ನು ಶುಚಿಗೊಳಿಸುವುದು, ಮಳೆ ಸುರಿಯುವಾಗ ನೀರು ಸಾಗುವಂತೆ ಮಾಡುವುದು ಇವೆಲ್ಲ ಅಪಾಯದ ಕೆಲಸಗಳು. ಇವುಗಳಲ್ಲಿ ಒಂದು ಪಾಲು ನಮ್ಮ ಹೌಸಿಂಗ್ ಸೊಸೈಟಿಯ ಆವರಣದೊಳಗೇ, ನಮ್ಮದೇ ಹಣದಿಂದ, ನಮ್ಮದೇ ಕಮಿಟಿಯ ಅಪ್ಪಣೆಯಿಂದ ನಡೆಯುತ್ತದೆ. ಆ ಕೆಲಸಕ್ಕೆ ಬರುವ ಮನುಷ್ಯನ ಪ್ರಾಣರಕ್ಷಣೆಯ ಕುರಿತು ನಮಗೆಲ್ಲ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಸಾಂತಾಕ್ರೂಜ್ ಮತ್ತು ಮಳೆನೀರು

ಸಾಂತಾಕ್ರೂಜಿನ ಹೆಸರು ದೇಶದ ಮಳೆಯ ಇತಿಹಾಸದಲ್ಲಿ ದಾಖಲಾದದ್ದು 2005ರ ಜುಲೈ 26ರಂದು. ಅಂದಿನಿಂದ ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಇಲ್ಲಿನ ಹವಾಮಾನ ವೀಕ್ಷಣಾಲಯವು 944 ಮಿಲಿಮೀಟರ್ ಮಳೆಯನ್ನು ಅಳೆಯಿತು. ಅದೇ ಅವಧಿಯಲ್ಲಿ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಕಲೀನಾ, ವಾಕೋಲಾ, ಕುರ್ಲಾ ಪರಿಸರದ ನೆಲಮಹಡಿಯ ಮನೆಗಳೂ ಅಂಗಡಿಗಳೂ ಅಂದು ಮುಳುಗಿದವು. ರಾತ್ರಿಯಿಡೀ ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರು ನಮ್ಮ ನಡುವೆ ಇಂದಿಗೂ ಇದ್ದಾರೆ.

ಪೂರ್ವದ ನೀರು ವಾಕೋಲಾ ನಾಲಾದ ಮೂಲಕ ಮೀಠಿ ನದಿಯನ್ನು ಸೇರಿ ಮಾಹಿಮಿನ ಕೊಲ್ಲಿಯತ್ತ ಹರಿಯುತ್ತದೆ. ಪಶ್ಚಿಮದ ನೀರು ನಾಲಾಗಳ ಮೂಲಕ ಸಮುದ್ರದತ್ತ ಸಾಗುತ್ತದೆ. ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯನ್ನು, ಅದೂ ಸಮುದ್ರದಲ್ಲಿ ಇಳಿತವಿರುವಾಗ, ಸಾಗಿಸುವ ಲೆಕ್ಕದಲ್ಲಿ ಕಟ್ಟಿದವು. ಭರತದ ವೇಳೆಯಲ್ಲಿ ಸಮುದ್ರದ ನೀರೇ ಚರಂಡಿಯೊಳಗೆ ಹಿಮ್ಮುಖವಾಗಿ ನುಗ್ಗುವುದುಂಟು. ಈ ವ್ಯವಸ್ಥೆಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂದು 1993ರಲ್ಲಿ ಬ್ರಿಮ್‌ಸ್ಟೋವಾಡ್ ಎಂಬ ವರದಿ ಸೂಚಿಸಿತ್ತು. 2005ರ ಪ್ರಳಯದ ಬಳಿಕ ಆ ಕೆಲಸಕ್ಕೆ ವೇಗ ಬಂದು, ಹಾಜಿ ಅಲಿ, ಇರ್ಲಾ ಮೊದಲಾದೆಡೆ ನೀರೆತ್ತುವ ಪಂಪಿಂಗ್ ಸ್ಟೇಷನ್ನುಗಳು ತಲೆಯೆತ್ತಿದವು. ನಮ್ಮ ಸಾಂತಾಕ್ರೂಜ್ ಪಶ್ಚಿಮದ ಗಜಧರಬಂಧ್ ಪಂಪಿಂಗ್ ಸ್ಟೇಷನ್ 2019ರಲ್ಲಿ ಕಾರ್ಯಾರಂಭ ಮಾಡಿತು.

ಯಂತ್ರಗಳು ಎಷ್ಟೇ ಬಂದರೂ ಚರಂಡಿಯೊಳಗೆ ಹೂಳು, ಪ್ಲಾಸ್ಟಿಕ್ಕು, ಕಟ್ಟಡದ ಕಸ ತುಂಬಿದ್ದರೆ ನೀರು ಪಂಪಿನವರೆಗೆ ತಲಪುವುದೇ ಇಲ್ಲ. ಆದುದರಿಂದಲೇ ಮುಂಗಾರಿಗೆ ಮುನ್ನ ಹೂಳೆತ್ತುವ ಕೆಲಸ ಅನಿವಾರ್ಯ. ದೊಡ್ಡ ನಾಲಾಗಳಲ್ಲಿ ಮಹಾನಗರ ಪಾಲಿಕೆಯ ಗುತ್ತಿಗೆದಾರರು ಅಗೆಯುವ ಯಂತ್ರಗಳನ್ನು ಇಳಿಸುತ್ತಾರೆ. ಯಂತ್ರ ಹೋಗಲಾಗದ ಇಕ್ಕಟ್ಟಿನ ಗಲ್ಲಿಗಳಲ್ಲಿ, ಮುಚ್ಚಿದ ಚರಂಡಿಗಳಲ್ಲಿ, ಕಟ್ಟಡಗಳ ಆವರಣದಲ್ಲಿ ಮನುಷ್ಯನ ಕೈಯೇ ಗತಿ ಎಂಬ ರೂಢಿ ಇನ್ನೂ ಉಳಿದಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮುಂಬಯಿಯಲ್ಲಿ ಮಳೆನೀರಿನ ಚರಂಡಿಯೂ ಶೌಚದ ನೀರಿನ ಒಳಚರಂಡಿಯೂ ಬೇರೆ ಬೇರೆ ಜಾಲಗಳು. ಕಾಗದದ ಮೇಲೆ ಮಳೆನೀರಿನ ಚರಂಡಿ ಶುದ್ಧವಾದುದು. ವಾಸ್ತವದಲ್ಲಿ ಅನೇಕ ಕಡೆ ಶೌಚದ ನೀರು ನಾಲಾಗಳಿಗೂ ಸೇರುತ್ತದೆ. ಆದಕಾರಣ ಇದು ಬರೀ ಮಳೆನೀರಿನ ಚೇಂಬರು, ಇದರಲ್ಲಿ ಅಪಾಯವಿಲ್ಲ ಎಂದು ಭಾವಿಸುವುದು ಸರಿಯಲ್ಲ.

ನಾವು ಕೇಳದೆ ಬಿಟ್ಟ ಪ್ರಶ್ನೆ

ಕೆಲವು ವರ್ಷಗಳ ಹಿಂದಿನ ಒಂದು ಪ್ರಸಂಗವನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಮೇ ತಿಂಗಳ ಒಂದು ಭಾನುವಾರ ನಮ್ಮ ಕಟ್ಟಡದ ಹಿಂಬದಿಯ ಚೇಂಬರು ಕಟ್ಟಿಕೊಂಡು ನೀರು ಹೊರಗುಕ್ಕುತ್ತಿತ್ತು. ಕಮಿಟಿಯವರು ಪರಿಚಯದ ಒಬ್ಬ ಗುತ್ತಿಗೆದಾರನನ್ನು ಕರೆಸಿದರು. ಆತನೊಡನೆ ಇಬ್ಬರು ಯುವಕರು ಬಂದಿದ್ದರು. ಅವರ ಬಳಿ ಇದ್ದುದು ಒಂದು ಸಬ್ಬಲು, ಬಿದಿರಿನ ಸಲಾಕೆ, ಬಕೆಟ್ಟು ಮತ್ತು ಹಗ್ಗ. ಮುಚ್ಚಳ ತೆರೆದ ಐದು ನಿಮಿಷಕ್ಕೆಲ್ಲ ಅವರಲ್ಲೊಬ್ಬ ಬನಿಯನ್ ಕಳಚಿ ಒಳಗಿಳಿದ. ನಾವು ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಂತಿದ್ದೆವು. ಗುತ್ತಿಗೆದಾರನೊಡನೆ ನಮ್ಮ ಚರ್ಚೆ ನಡೆದುದು ಎರಡು ಸಾವಿರವೋ ಮೂರು ಸಾವಿರವೋ ಎಂಬುದರ ಕುರಿತು ಮಾತ್ರ. ಹೇಗೆ ಮಾಡುತ್ತೀರಿ, ಒಳಗೆ ಗಾಳಿ ಹೇಗಿದೆ ಎಂದು ನೋಡಿದಿರಾ ಎಂಬ ಮಾತು ನಮ್ಮಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ. ಅರ್ಧ ಗಂಟೆಯ ಬಳಿಕ ಆತ ಮೇಲೆ ಬಂದು ಗೋಡೆಗೊರಗಿ ಕುಳಿತು, ತಲೆ ತಿರುಗುತ್ತಿದೆ, ನೀರು ಕೊಡಿ ಎಂದು ಕೇಳಿದ.

ಅಂದು ಯಾವ ಅನಾಹುತವೂ ಆಗಲಿಲ್ಲ. ಅದು ನಮ್ಮ ಎಚ್ಚರದಿಂದ ತಪ್ಪಿದ್ದಲ್ಲ, ಆ ಯುವಕನ ಆಯುಸ್ಸು ಗಟ್ಟಿಯಿದ್ದುದರಿಂದ ತಪ್ಪಿದ್ದು. ಆ ತಲೆ ತಿರುಗುವಿಕೆಗೆ ಕಾರಣವೇನೆಂದು ನಾವು ತಿಳಿದುಕೊಂಡದ್ದು ಬಹಳ ತಡವಾಗಿ.

ಕಣ್ಣಿಗೆ ಕಾಣದ ಅಪಾಯ

ಮುಚ್ಚಿದ ಚೇಂಬರಿನಲ್ಲಿ ಕೊಳೆಯುವ ಪದಾರ್ಥಗಳಿಂದ ಮುಖ್ಯವಾಗಿ ಎರಡು ಅನಿಲಗಳು ಹುಟ್ಟುತ್ತವೆ. ಒಂದು ಹೈಡ್ರೋಜನ್ ಸಲ್ಫೈಡ್, ಇನ್ನೊಂದು ಮೀಥೇನ್.

ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದುದು. ಗುಂಡಿಯ ತಳದಲ್ಲಿ ಸಂಗ್ರಹವಾಗುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು 100 ಭಾಗದಷ್ಟಾದಾಗ ಕೆಲವೇ ನಿಮಿಷಗಳಲ್ಲಿ ಮೂಗಿನ ಗ್ರಹಣಶಕ್ತಿಯೇ ಕುಂದಿಹೋಗುತ್ತದೆ. ವಾಸನೆ ನಿಂತಿತು, ಇನ್ನು ಭಯವಿಲ್ಲ ಎಂದು ಕೆಲಸಗಾರ ಭಾವಿಸುವ ಹೊತ್ತಿಗೇ ಅಪಾಯ ಹೆಚ್ಚಿರುತ್ತದೆ. 700ರಿಂದ 1000 ಭಾಗದಷ್ಟಾದರೆ ಒಂದೆರಡು ಉಸಿರಿನಲ್ಲಿಯೇ ಮನುಷ್ಯ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಕೂಗುವುದಕ್ಕೂ ಹಗ್ಗ ಎಳೆಯುವುದಕ್ಕೂ ಅವಕಾಶ ಸಿಗುವುದಿಲ್ಲ. ತಳದಲ್ಲಿ ಗಟ್ಟಿಯಾಗಿ ಕುಳಿತ ಹೂಳನ್ನು ಸಲಾಕೆಯಿಂದ ಕದಡಿದಾಗ ಅದರೊಳಗೆ ಅಡಗಿದ್ದ ಅನಿಲ ಒಮ್ಮೆಲೇ ಹೊರಬರುವುದರಿಂದ, ಮೊದಲ ಹತ್ತು ನಿಮಿಷ ಸುರಕ್ಷಿತವೆನಿಸಿದ ಜಾಗವೇ ಹನ್ನೊಂದನೆಯ ನಿಮಿಷದಲ್ಲಿ ಪ್ರಾಣಾಂತಿಕವಾಗಬಹುದು.

ಮೀಥೇನಿಗೆ ವಾಸನೆಯಿಲ್ಲ. ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟಿರುವಾಗ ಒಂದು ಬೀಡಿಯ ಕಿಡಿ ಸಾಕು, ಸ್ಫೋಟವಾಗುತ್ತದೆ. ಊರಿನಲ್ಲಿ ಹಳೆಯ ಬಾವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುವ ಪದ್ಧತಿಯನ್ನು ನಮ್ಮ ಹಿರಿಯರು ಬಲ್ಲರು. ಆ ಕ್ರಮವನ್ನು ಶೌಚಗುಂಡಿಗೆ ಅನ್ವಯಿಸಿದರೆ ದೀಪವೇ ಅನಾಹುತಕ್ಕೆ ಕಾರಣವಾದೀತು. ಮೇಲಾಗಿ ಹೈಡ್ರೋಜನ್ ಸಲ್ಫೈಡ್ ಇದೆಯೋ ಇಲ್ಲವೋ ಎಂಬುದನ್ನು ದೀಪ ತಿಳಿಸಲಾರದು.

ಮೂರನೆಯ ಅಪಾಯ ಆಮ್ಲಜನಕದ ಕೊರತೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇಕಡಾ 20.9ರಷ್ಟಿದೆ. ಶೇಕಡಾ 19.5ಕ್ಕಿಂತ ಕಡಿಮೆಯಾದ ಜಾಗಕ್ಕೆ ಇಳಿಯಬಾರದೆಂಬುದು ಅಂಗೀಕೃತ ನಿಯಮ. ಕೊಳೆಯಿಲ್ಲದ ಕುಡಿಯುವ ನೀರಿನ ಟ್ಯಾಂಕಿಗೂ ಇದು ಅನ್ವಯಿಸುತ್ತದೆ. ಬಹುಕಾಲ ಮುಚ್ಚಿಟ್ಟ ಟ್ಯಾಂಕಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವುದರಿಂದಲೂ ಸೂಕ್ಷ್ಮಜೀವಿಗಳಿಂದಲೂ ಆಮ್ಲಜನಕ ಕ್ಷಯಿಸುತ್ತದೆ. ನೀರೆತ್ತಲೆಂದು ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಒಳಗಿಳಿಸಿದರೆ ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೂ ಸೇರಿಕೊಳ್ಳುತ್ತದೆ. 2025ರ ಮಾರ್ಚ್ 9ರಂದು ನಾಗಪಾಡಾದಲ್ಲಿ ನಿರ್ಮಾಣ ಹಂತದಲ್ಲಿದ್ದ ಕಟ್ಟಡವೊಂದರ ನೀರಿನ ಟ್ಯಾಂಕ್ ಶುಚಿಗೊಳಿಸಲು ಇಳಿದ ನಾಲ್ವರು ಕಾರ್ಮಿಕರು ಉಸಿರುಗಟ್ಟಿ ಮೃತಪಟ್ಟರು.

ಕೋವಿಡ್ ಬಂದ ಬಳಿಕ ಮಾಸ್ಕಿನ ಮೇಲೆ ನಮಗೆಲ್ಲ ಅಪಾರ ನಂಬಿಕೆ ಬೆಳೆದಿದೆ. ಬಟ್ಟೆಯ ಮಾಸ್ಕಾಗಲಿ, ಎನ್-95 ಮಾಸ್ಕಾಗಲಿ ಈ ಅನಿಲಗಳನ್ನು ತಡೆಯಲಾರವು. ಇಲ್ಲದ ಆಮ್ಲಜನಕವನ್ನು ಒದಗಿಸಲಾರವು. ಅಲ್ಲಿ ಬೇಕಾದುದು ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕವೋ ಸಿಲಿಂಡರಿನ ಮೂಲಕವೋ ತಲಪಿಸುವ ಉಸಿರಾಟದ ಉಪಕರಣ.

ಒಬ್ಬರ ಹಿಂದೆ ಮತ್ತೊಬ್ಬರು

ಇಂತಹ ದುರ್ಘಟನೆಗಳ ವರದಿ ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸಾಯುವವರು ಒಬ್ಬರಲ್ಲ, ಇಬ್ಬರು, ಮೂವರು, ನಾಲ್ವರು. 2019ರ ಡಿಸೆಂಬರಿನಲ್ಲಿ ಗೋವಂಡಿಯ ಒಂದು ಹೌಸಿಂಗ್ ಸೊಸೈಟಿಯ ಸೆಪ್ಟಿಕ್ ಟ್ಯಾಂಕಿನಲ್ಲಿ ಮೂವರು, 2024ರ ಏಪ್ರಿಲಿನಲ್ಲಿ ವಿರಾರಿನ ವಸತಿ ಸಂಕೀರ್ಣವೊಂದರ ಮಲಿನಜಲ ಶುದ್ಧೀಕರಣ ಘಟಕದಲ್ಲಿ ನಾಲ್ವರು. ಮೊದಲನೆಯವನು ಬಿದ್ದಾಗ ಮೇಲಿದ್ದ ಜೊತೆಗಾರ ಆತನನ್ನು ಎತ್ತಲು ಧಾವಿಸಿ ಇಳಿಯುತ್ತಾನೆ, ಆತನೂ ಬೀಳುತ್ತಾನೆ, ಮೂರನೆಯವನು ಇಬ್ಬರಿಗಾಗಿ ಇಳಿಯುತ್ತಾನೆ. ಇಂತಹ ಅವಘಡಗಳಲ್ಲಿ ಸಾಮಾನ್ಯವಾಗಿ ಸಂಭವಿಸುವುದು ಹೀಗೆಯೇ. ಕೆಳಗೆ ಬಿದ್ದವನು ಅಣ್ಣನೋ ತಮ್ಮನೋ ಊರಿನ ಗೆಳೆಯನೋ ಆಗಿರುವಾಗ ಯೋಚಿಸುವ ವ್ಯವಧಾನ ಯಾರಿಗಿರುತ್ತದೆ?

ಆದುದರಿಂದ ರಕ್ಷಣೆಯ ಸಿದ್ಧತೆ ಅಪಘಾತಕ್ಕೆ ಮುನ್ನವೇ ಆಗಿರಬೇಕು. ಕೆಲಸಗಾರನ ಎದೆ, ಹೆಗಲು, ತೊಡೆಗಳನ್ನು ಬಳಸಿ ಕಟ್ಟಿದ ರಕ್ಷಣಾ ಪಟ್ಟಿಯೂ, ಚೇಂಬರಿನ ಮೇಲೆ ನಿಲ್ಲಿಸಿದ ಮುಕ್ಕಾಲಿಗೆ ಜೋಡಿಸಿದ ರಾಟೆಯೂ ಇದ್ದರೆ, ಯಾರೂ ಕೆಳಗಿಳಿಯದೆ ಆತನನ್ನು ನಿಮಿಷದೊಳಗೆ ಮೇಲೆತ್ತಬಹುದು. ಸೊಂಟಕ್ಕೆ ಸುತ್ತಿದ ಬರಿಯ ಹಗ್ಗದಿಂದ ಪ್ರಜ್ಞೆ ತಪ್ಪಿದವನನ್ನು ಇಕ್ಕಟ್ಟಾದ ಬಾಯಿಯಿಂದ ನೇರವಾಗಿ ಎತ್ತುವುದು ಬಹಳ ಕಷ್ಟ.

ಕಾನೂನು ಏನನ್ನುತ್ತದೆ?

2013ರಲ್ಲಿ ಸಂಸತ್ತು ಅಂಗೀಕರಿಸಿದ ಮಲ ಹೊರುವ ಪದ್ಧತಿ ನಿಷೇಧ ಮತ್ತು ಪುನರ್ವಸತಿ ಕಾಯಿದೆಯು ಒಳಚರಂಡಿ ಹಾಗೂ ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚೀಕರಣಕ್ಕೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ನೇಮಿಸಬಾರದೆಂದು ವಿಧಿಸಿದೆ. ಈ ನಿಷೇಧ ಪಾಲಿಕೆಗೆ ಮಾತ್ರವಲ್ಲ, ಯಾವುದೇ ವ್ಯಕ್ತಿಗೂ ಸಂಸ್ಥೆಗೂ ಅನ್ವಯಿಸುತ್ತದೆ. ಮೊದಲ ಸಲದ ಉಲ್ಲಂಘನೆಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಐದು ವರ್ಷ ಮತ್ತು ಐದು ಲಕ್ಷದವರೆಗೆ. ಮೊದಲು ಯಂತ್ರ, ಅದು ಸರ್ವಥಾ ಸಾಧ್ಯವಾಗದ ವಿಶೇಷ ಸಂದರ್ಭದಲ್ಲಿ ಮಾತ್ರ ಪೂರ್ಣ ರಕ್ಷಣಾ ಸಾಮಗ್ರಿಯೊಡನೆ ಮನುಷ್ಯ, ಅದೂ ಸ್ಥಳೀಯ ಆಡಳಿತದ ಮುಖ್ಯಾಧಿಕಾರಿಯ ಲಿಖಿತ ಅನುಮತಿಯಿಂದ ಎಂಬುದು ನಿಯಮಗಳ ಸಾರ. ಹಾಗೆ ಇಳಿಯುವಾಗಲೂ ಮೇಲ್ವಿಚಾರಕನೂ ಸೇರಿದಂತೆ ಕನಿಷ್ಠ ಮೂವರು ಸ್ಥಳದಲ್ಲಿರಬೇಕು. ಒಂದೇ ಸಮನೆ 90 ನಿಮಿಷಕ್ಕಿಂತ ಹೆಚ್ಚು ದುಡಿಸಬಾರದು. ನಡುವೆ 30 ನಿಮಿಷಗಳ ವಿರಾಮವಿರಬೇಕು.

ಸರ್ವೋಚ್ಚ ನ್ಯಾಯಾಲಯವು 2014ರ ಮಾರ್ಚ್ 27ರ ತೀರ್ಪಿನಲ್ಲಿ ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು. 2023ರ ಅಕ್ಟೋಬರ್ 20ರ ತೀರ್ಪು ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿ 29ರಂದು ಅದೇ ನ್ಯಾಯಾಲಯವು ಮುಂಬಯಿ, ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಶುಚಿಗೊಳಿಸುವುದನ್ನು ನಿಲ್ಲಿಸಬೇಕೆಂದು ಆದೇಶ ನೀಡಿತು. ಮೇಲೆ ಹೇಳಿದ ಗೋವಂಡಿಯ ಪ್ರಕರಣದಲ್ಲಿ ಮೂವರು ವಿಧವೆಯರು ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಅವರಿಗೆ ತಲಾ 10 ಲಕ್ಷ ರೂಪಾಯಿ ನೀಡುವಂತೆಯೂ, ಆ ಹಣವನ್ನು ಹೊಣೆಗಾರರಿಂದ ವಸೂಲು ಮಾಡಿಕೊಳ್ಳಬಹುದೆಂದೂ ಸರಕಾರಕ್ಕೆ ಸೂಚಿಸಿತು. ಗುತ್ತಿಗೆ ಖಾಸಗಿಯದು, ಕಟ್ಟಡ ಖಾಸಗಿಯದು ಎಂಬ ಕಾರಣಕ್ಕೆ ಆ ಕುಟುಂಬಗಳ ಹಕ್ಕು ಇಲ್ಲವಾಗಲಿಲ್ಲ. ಹೌಸಿಂಗ್ ಸೊಸೈಟಿಗಳ ಪದಾಧಿಕಾರಿಗಳು ಈ ಪ್ರಕರಣವನ್ನು ಅವಶ್ಯ ತಿಳಿದಿರಬೇಕು.

ಕನ್ನಡ ನಾಡಿನ ನಂಟು

ಈ ಹೋರಾಟದಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶವ್ಯಾಪಿ ಕಾಯಿದೆ ಬಂದುದು ಎರಡು ದಶಕಗಳ ಬಳಿಕ, 1993ರಲ್ಲಿ. ಸಫಾಯಿ ಕರ್ಮಚಾರಿ ಆಂದೋಲನದ ನೇತಾರ ಬೆಜವಾಡ ವಿಲ್ಸನ್ ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ, ಇದೇ ವೃತ್ತಿಗೆ ಕಟ್ಟಿಹಾಕಲ್ಪಟ್ಟ ಕುಟುಂಬದಲ್ಲಿ. ಅವರಿಗೆ 2016ರಲ್ಲಿ ರಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2014ರ ತೀರ್ಪು ಹೊರಬಿದ್ದುದು ಅವರ ಆಂದೋಲನ ಹೂಡಿದ ದಾವೆಯಲ್ಲಿಯೇ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದ ಜನರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ ಇಡೀ ನಾಡು ತಲೆತಗ್ಗಿಸಿತ್ತು.

ಈ ಕೆಲಸಕ್ಕೆ ಇಂದಿಗೂ ಇಳಿಯುವವರು ಯಾರೆಂಬುದು ಗುಟ್ಟೇನಲ್ಲ. ಕೇಂದ್ರ ಸರಕಾರದ ನಮಸ್ತೆ ಯೋಜನೆಯಡಿ 2024ರವರೆಗೆ ವಿವರ ಸಂಗ್ರಹಿಸಲಾದ ಸುಮಾರು 38 ಸಾವಿರ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಕಾರ್ಮಿಕರಲ್ಲಿ ಶೇಕಡಾ 92ರಷ್ಟು ಜನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳವರು. ಇದು ಅವರಿಗೆ ಅಭ್ಯಾಸವಾದ ಕೆಲಸ ಎಂದು ನಮ್ಮಲ್ಲಿ ಅನೇಕರು ಸಹಜವಾಗಿ ಆಡುವ ಮಾತಿನ ಹಿಂದೆ ಈ ಜಾತಿಯ ಲೆಕ್ಕವಿದೆ. ವಿಷಾನಿಲಕ್ಕೆ ಯಾರ ಶ್ವಾಸಕೋಶವೂ ಅಭ್ಯಾಸವಾಗುವುದಿಲ್ಲ.

ನಮ್ಮ ಸೊಸೈಟಿಗಳು ಕೈಗೊಳ್ಳಬೇಕಾದ ಕ್ರಮಗಳು

1. ಚೇಂಬರು, ಸೆಪ್ಟಿಕ್ ಟ್ಯಾಂಕುಗಳ ಶುಚೀಕರಣವನ್ನು ಏಪ್ರಿಲಿನಲ್ಲಿಯೇ ನಿಗದಿಪಡಿಸಬೇಕು. ನೀರು ಉಕ್ಕಿದ ದಿನ ಅವಸರದಲ್ಲಿ ಕರೆಸಿದರೆ ಯಂತ್ರ ಸಿಗುವುದಿಲ್ಲ, ಮನುಷ್ಯ ಮಾತ್ರ ಸಿಗುತ್ತಾನೆ.

2. ಹೀರುವ ಹಾಗೂ ಒತ್ತಡದ ನೀರು ಹಾಯಿಸುವ ಯಂತ್ರಗಳನ್ನುಳ್ಳ ಲಾರಿಗಾಗಿ ಪಾಲಿಕೆಯ ವಾರ್ಡು ಕಚೇರಿಯಲ್ಲಿ ವಿಚಾರಿಸಬೇಕು. ಸಾಂತಾಕ್ರೂಜ್ ಪೂರ್ವ ಎಚ್ ಪೂರ್ವ ವಾರ್ಡಿಗೂ ಪಶ್ಚಿಮ ಎಚ್ ಪಶ್ಚಿಮ ವಾರ್ಡಿಗೂ ಸೇರಿವೆ. ಖಾಸಗಿಯಾಗಿಯೂ ಇಂತಹ ಲಾರಿಗಳು ದೊರೆಯುತ್ತವೆ. ಕೇರಳದ ಯುವ ಇಂಜಿನಿಯರುಗಳು ರೂಪಿಸಿದ ಬ್ಯಾಂಡಿಕೂಟ್ ಎಂಬ ರೋಬೋಟು 2018ರಿಂದ ಮ್ಯಾನ್‌ಹೋಲಿಗೆ ಮನುಷ್ಯ ಇಳಿಯುವ ಅಗತ್ಯವನ್ನೇ ತಪ್ಪಿಸುತ್ತ ಬಂದಿದೆ.

3. ಗುತ್ತಿಗೆಯ ಕಾಗದದಲ್ಲಿ ಯಾರೂ ಒಳಗಿಳಿಯತಕ್ಕದ್ದಲ್ಲ ಎಂಬ ವಾಕ್ಯವನ್ನು ಬರೆಯಿಸಬೇಕು. ಕಡಿಮೆ ದರ ಹೇಳಿದವನನ್ನು ಒಪ್ಪುವ ಮುನ್ನ ಆತ ಆ ದರದಲ್ಲಿ ಯಂತ್ರ ತರುವನೇ ಎಂದು ಕೇಳಬೇಕು.

4. ನೀರಿನ ಟ್ಯಾಂಕಿನಂತಹ ಜಾಗಕ್ಕೆ ಇಳಿಯಲೇಬೇಕಾದಲ್ಲಿ ಮುಚ್ಚಳಗಳನ್ನೆಲ್ಲ ಕನಿಷ್ಠ ಒಂದು ಗಂಟೆ ಮೊದಲು ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಹಾಯಿಸಿ, ಅನಿಲ ಅಳೆಯುವ ಮೀಟರನ್ನು ಮೇಲೆ, ನಡುವೆ, ತಳದಲ್ಲಿ ಇಳಿಸಿ ನೋಡಬೇಕು. ಕೆಲಸ ಮುಗಿಯುವವರೆಗೂ ಗಾಳಿಯೂ ಮೀಟರೂ ನಿಲ್ಲಬಾರದು. ಇಂಜಿನ್ ಪಂಪನ್ನು ಒಳಗಿಳಿಸಬಾರದು.

5. ಮೇಲೆ ನಿಂತ ವ್ಯಕ್ತಿ ಒಂದು ಕ್ಷಣವೂ ಕದಲಬಾರದು. ರಕ್ಷಣಾ ಪಟ್ಟಿ, ಮುಕ್ಕಾಲಿ, ರಾಟೆ ಇಲ್ಲದಿದ್ದರೆ ಕೆಲಸ ಆರಂಭಿಸಲು ಬಿಡಬಾರದು.

6. ನಾವು ಮೇಲಿನಿಂದ ಕಳುಹಿಸುವ ವಸ್ತುಗಳ ಕುರಿತೂ ಎಚ್ಚರ ಬೇಕು. ಸ್ಯಾನಿಟರಿ ಪ್ಯಾಡು, ಪ್ಲಾಸ್ಟಿಕ್ಕು, ಅಡುಗೆಯ ಎಣ್ಣೆ, ಪೂಜೆಯ ಹೂವು ಚರಂಡಿಗೆ ಹೋಗದಿದ್ದರೆ ಚೇಂಬರು ಕಟ್ಟುವುದೇ ಅಪರೂಪ.

ಹೊಟೇಲು ಉದ್ಯಮದಲ್ಲಿರುವ ನಮ್ಮ ಬಾಂಧವರಿಗೆ ಒಂದು ಮಾತು. ಅಡುಗೆಮನೆಯ ಜಿಡ್ಡು ಸಂಗ್ರಹವಾಗುವ ಚೇಂಬರಿನಲ್ಲಿಯೂ ಇದೇ ಅನಿಲಗಳು ಹುಟ್ಟುತ್ತವೆ. ರಾತ್ರಿ ಬಾಗಿಲು ಹಾಕಿದ ಮೇಲೆ ಪಾತ್ರೆ ತೊಳೆಯುವ ಹುಡುಗನನ್ನೇ ಆ ಕೆಲಸಕ್ಕೆ ಹಚ್ಚುವ ರೂಢಿ ಕೆಲವೆಡೆ ಇದೆ. ಆತನಿಗೆ ತರಬೇತಿಯೂ ಇಲ್ಲ, ಬಳಿಯಲ್ಲಿ ಇನ್ನೊಬ್ಬನೂ ಇರುವುದಿಲ್ಲ. ಊರಿನಿಂದ ಬಂದು ಇಂತಹ ಹೊಟೇಲುಗಳಲ್ಲಿಯೇ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದ ಹಿರಿಯರ ಪೀಳಿಗೆ ನಮ್ಮದು. ಆ ಹುಡುಗನಲ್ಲಿ ನಮ್ಮದೇ ಹಿಂದಿನ ದಿನಗಳನ್ನು ಕಾಣುವುದು ಕಷ್ಟವಾಗಬಾರದು.

ಮಳೆ ಸುರಿಯುವಾಗ

ನೀರು ಬೇಗ ಇಳಿಯಲೆಂದು ರಸ್ತೆಯ ಮ್ಯಾನ್‌ಹೋಲಿನ ಮುಚ್ಚಳವನ್ನು ಸಾರ್ವಜನಿಕರೇ ತೆರೆಯುವುದುಂಟು. 2017ರ ಆಗಸ್ಟ್ 29ರ ಮಳೆಯಲ್ಲಿ ಖ್ಯಾತ ಉದರರೋಗ ತಜ್ಞ ಡಾ. ದೀಪಕ್ ಅಮರಾಪುರಕರ್ ಅವರು ಎಲ್ಫಿನ್‌ಸ್ಟನ್ ರೋಡ್ ಬಳಿ ಇಂತಹುದೇ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಪ್ರಾಣ ಕಳೆದುಕೊಂಡರು. 2020ರ ಆಗಸ್ಟಿನಲ್ಲಿ ಮಾಟುಂಗಾದ ತುಳಸಿ ಪೈಪ್ ರಸ್ತೆಯಲ್ಲಿ ಹೂವು ಮಾರಿ ಬದುಕುವ ಮಹಿಳೆಯೊಬ್ಬರು ತೆರೆದ ಮ್ಯಾನ್‌ಹೋಲಿನ ಪಕ್ಕ ಗಂಟೆಗಟ್ಟಲೆ ನಿಂತು ವಾಹನಗಳನ್ನು ಎಚ್ಚರಿಸಿದುದನ್ನು ಅನೇಕರು ನೋಡಿರಬಹುದು. ಮುಚ್ಚಳವನ್ನು ನಾವು ತೆರೆಯಬಾರದು; ತೆರೆದುದು ಕಂಡರೆ ಪಾಲಿಕೆಯ 1916 ಸಂಖ್ಯೆಗೆ ತಿಳಿಸಬೇಕು. ಅಲ್ಲಿ ಪಾಲಿಕೆಯ ಕೆಲಸಗಾರ ನಿಂತಿದ್ದರೆ ವಾಹನ ನಿಧಾನಿಸಬೇಕು. ಸೊಂಟಮಟ್ಟದ ನೀರಿನಲ್ಲಿ ಆತನನ್ನು ಕೆಡವಲು ಕಾರಿನ ಒಂದು ಅಲೆಯೇ ಸಾಕು.

ನೀರಿನಲ್ಲಿ ನಿಂತು ದುಡಿಯುವವರಿಗೆ ಇಲಿಯ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್ ಜ್ವರದ ಭಯವೂ ಇದೆ. 2005ರ ಪ್ರಳಯದ ಬಳಿಕ ಈ ರೋಗ ಮುಂಬಯಿಯನ್ನು ಕಾಡಿತ್ತು. ಕಾಲಿನ ಸಣ್ಣ ಗಾಯದಿಂದಲೂ ರೋಗಾಣು ದೇಹ ಸೇರುತ್ತದೆ. ಗಂಬೂಟು, ಕೈಗವಸು, ಕೆಲಸದ ಬಳಿಕ ಸಾಬೂನಿನ ಸ್ನಾನ ಅಗತ್ಯ. ಕೊಳಚೆ ನೀರಿನಲ್ಲಿ ನಿಂತವರು 72 ಗಂಟೆಗಳೊಳಗೆ ವೈದ್ಯರನ್ನು ಕಂಡು ತಡೆಮಾತ್ರೆಯ ಕುರಿತು ಸಲಹೆ ಪಡೆಯಬೇಕೆಂದು ಪಾಲಿಕೆಯೇ ತಿಳಿಸುತ್ತ ಬಂದಿದೆ. ನಮ್ಮ ಕಟ್ಟಡದ ಕಾವಲುಗಾರ, ಕಸ ಒಯ್ಯುವವರು ಮಳೆಯಲ್ಲಿ ಬರಿಗಾಲಿನಲ್ಲಿ ಓಡಾಡುತ್ತಿದ್ದರೆ ಒಂದು ಜೊತೆ ಗಂಬೂಟು ಕೊಡಿಸುವುದು ಸೊಸೈಟಿಗೆ ದೊಡ್ಡ ವೆಚ್ಚವಲ್ಲ. ಪಂಪಿನ ಕೋಣೆಗೆ ನೀರು ನುಗ್ಗಿದಾಗ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸದೆ ಯಾರನ್ನೂ ಒಳಗೆ ಕಳುಹಿಸಬಾರದು.

ಅಪಘಾತ ಸಂಭವಿಸಿದರೆ

ಒಳಗಿರುವವನು ಬಿದ್ದನೆಂದು ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಇನ್ನೊಬ್ಬ ಇಳಿಯದಂತೆ ತಡೆಯುವುದು. ಇದು ನಿರ್ದಯವೆನಿಸಬಹುದು, ಆದರೆ ಎರಡನೆಯ ಸಾವನ್ನು ತಡೆಯುವ ದಾರಿ ಇದೊಂದೇ. ತಕ್ಷಣ 101 ಸಂಖ್ಯೆಗೆ ಅಥವಾ 112ಕ್ಕೆ ಕರೆ ಮಾಡಿ, ಮುಚ್ಚಿದ ಗುಂಡಿಯಲ್ಲಿ ಮನುಷ್ಯ ಸಿಲುಕಿದ್ದಾನೆ, ಉಸಿರಾಟದ ಉಪಕರಣ ತನ್ನಿ ಎಂದು ಸ್ಪಷ್ಟವಾಗಿ ಹೇಳಬೇಕು. ಪಟ್ಟಿ ಕಟ್ಟಿದ್ದರೆ ಮೇಲಿನಿಂದಲೇ ಎತ್ತಬೇಕು. ಬ್ಲೋವರ್ ಇದ್ದರೆ ಒಳಗೆ ಶುದ್ಧ ಗಾಳಿ ಬೀಸುತ್ತಿರಬೇಕು. ಮೇಲೆತ್ತಿದವನನ್ನು ತೆರೆದ ಗಾಳಿಯಲ್ಲಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಯಾವುದಾದರೂ ಸೊಸೈಟಿಯಲ್ಲಿ ಮನುಷ್ಯರನ್ನು ಗುಂಡಿಗಿಳಿಸುತ್ತಿರುವುದು ಕಂಡುಬಂದರೆ ದೂರು ನೀಡಲು 14420 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಸಾಂತಾಕ್ರೂಜಿನ ಕನ್ನಡಿಗರು ಸಂಘಟನೆಗೆ ಹೆಸರಾದವರು. ಪೂರ್ವದ ಬಿಲ್ಲವರ ಭವನದಲ್ಲಿ, ಪೇಜಾವರ ಮಠದಲ್ಲಿ, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ವರ್ಷವಿಡೀ ನಡೆಯುವ ಕಾರ್ಯಕ್ರಮಗಳಿಗೆ ಜನ ಕಿಕ್ಕಿರಿದು ಸೇರುತ್ತಾರೆ. ನಮ್ಮಲ್ಲಿ ಎಷ್ಟೋ ಮಂದಿ ತಮ್ಮ ಸೊಸೈಟಿಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಕೋಶಾಧಿಕಾರಿಗಳು. ಮುಂದಿನ ಕಮಿಟಿ ಸಭೆಯ ಕಾರ್ಯಸೂಚಿಯಲ್ಲಿ ಚೇಂಬರ್ ಶುಚೀಕರಣದ ವೆಚ್ಚ ಬಂದಾಗ, ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಹೇಗೆ ಎಂಬ ಪ್ರಶ್ನೆಯನ್ನೂ ಅವರು ಕೇಳಲಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಲಿ. ಅಂದು ನಮ್ಮ ಕಟ್ಟಡದ ಗೋಡೆಗೊರಗಿ ನೀರು ಕೇಳಿದ ಯುವಕನ ಹೆಸರನ್ನು ನಾವು ಕೇಳಿ ತಿಳಿದುಕೊಳ್ಳಲಿಲ್ಲ. ಆತನೂ ಆತನ ಜೊತೆಗಾರನೂ ಇಂದು ಎಲ್ಲಿಯೇ ಇರಲಿ, ಕ್ಷೇಮವಾಗಿರಲಿ ಎಂದು ಹಾರೈಸುತ್ತೇವೆ.